ಕಾವಿಕ್ ಅವತ್ತು ಯಾಕೆ ಬರಲಿಲ್ಲ

ನನ್ನಜ್ಜಿ ಮರ್ಟಲ್ ನನ್ನನ್ನು ಕರೆಯುವುದೇ 'ರೀ' ಎಂದು. ತಾತ ಕಾವಿಕ್ ಸತ್ತ ಮರುಚಳಿಗಾಲಕ್ಕೆ ನಾನು ಹುಟ್ಟಿದೆ, ಅವನ ಹೆಸರನ್ನೇ ನನಗಿಟ್ಟರು. ಉತ್ತರದ ಈ ಹಿಮದ ಕರಾವಳಿಯ ನಮ್ಮವರಲ್ಲಿ ಹೆಸರು ಬಂತೆಂದರೆ ಮನುಷ್ಯನೂ ಅದರ ಬೆನ್ನಿಗೇ ಬಂದ ಹಾಗೆ. ನಾನು ಹೆಣ್ಣು, ಶಾಲೆಯಲ್ಲಿ ಅಡುಗೆ ಮಾಡುವವಳು ಎಂಬುದೆಲ್ಲ ಹಾಗಿರಲಿ, ಅಜ್ಜಿಯ ಪಾಲಿಗೆ ನಾನು ಗಂಡ. ತಾತ ಎಲ್ಲೋ ಕಳೆದುಹಾಕಿದ ಕೈಗವಸಿಗೆ ನಾನು ತೊಟ್ಟಿಲಲ್ಲಿದ್ದಾಗಲೇ ಬೈಸಿಕೊಂಡಿದ್ದೆನಂತೆ. ಅಜ್ಜಿಯ ಮಗ ಎಲ್ವುಡ್ ಮಾವನಿಗೆ ಐವತ್ತರ ಹತ್ತಿರ, ತಲೆಯ ಮೇಲೆ ಒಂದೆಳೆ ಕೂದಲಿಲ್ಲ, ಅವನು ನನ್ನನ್ನು 'ಅಪ್ಪಾ' ಅನ್ನುತ್ತಾನೆ. ಬೇಟೆಗೆ ನನ್ನ ಮೋಟಾರಿನ ಹಿಮದ ಗಾಡಿ ಬೇಕಾದಾಗ ಇನ್ನೂ ಸ್ವಲ್ಪ ರಾಗ ಎಳೆದು ಅನ್ನುತ್ತಾನೆ.

ಆ ವಸಂತದಲ್ಲಿ ಹೆಪ್ಪುಗಟ್ಟಿದ ಕೊಲ್ಲಿಯಾಚೆಯ ಊರಿಂದ ಅಜ್ಜಿಯ ಅಕ್ಕ ಎಡ್ನಾ ರೇಡಿಯೋದಲ್ಲಿ ಮಾತಾಡಿದಳು. ರೇಡಿಯೋ ಅಂದರೆ ಮನೆಮನೆಯಲ್ಲೂ ಕೇಳುವಂಥದ್ದು, ಗುಟ್ಟು ಹೇಳುವ ಜಾಗವಲ್ಲ. ಎಡ್ನಾಳ ಎದೆ ಕೆಟ್ಟಿತ್ತು. ಸೋಮವಾರ ಅವಳನ್ನು ವಿಮಾನದಲ್ಲಿ ನಗರದ ಆಸ್ಪತ್ರೆಗೆ ಒಯ್ಯುವವರಿದ್ದರು, ವಾಪಸು ಬರುವ ಮಾತನ್ನು ಯಾರೂ ಎತ್ತಿರಲಿಲ್ಲ. ಇಡೀ ಕರಾವಳಿ ಕಿವಿಗೊಟ್ಟು ಕೂತಿರುವಾಗ ಅವಳು ಹೇಳಿದ್ದು ಇಷ್ಟು: "ಮರ್ಟಲ್, ಕಾವಿಕ್‌ನ ಕರ್ಕೊಂಡ್ ಬಾ. ಅವತ್ತು ಯಾಕೆ ಬರ್ಲಿಲ್ಲ ಅಂತ ಅವನ ಬಾಯಿಂದ್ಲೇ ಕೇಳ್ಬೇಕು. ಕೇಳ್ದೆ ನಾನು ವಿಮಾನ ಹತ್ತೋಳಲ್ಲ."

ಅವತ್ತು ಅಂದರೆ ಯಾವತ್ತು ಎಂದು ಎಲ್ಲರಿಗೂ ಗೊತ್ತು. ಹರೆಯದಲ್ಲಿ ತಾತ ಈ ಕಡೆಗೆಲ್ಲ ಮೊದಲ ಹಿಮದ ಗಾಡಿ ಕೊಂಡವನು. ಕೊಲ್ಲಿಯಾಚೆ ಚಿಕ್ಕಮ್ಮನ ಮನೆಯಲ್ಲಿದ್ದ ಎಡ್ನಾಳನ್ನು ಮದುವೆಗೆ ಕರೆತರಲು ಹೊರಟ, ಅರ್ಧ ದಾರಿಯಲ್ಲಿ ಗಾಡಿ ಕೆಟ್ಟಿತು. ನಡೆದು ವಾಪಸು ಬಂದು ಎಡ್ನಾಳ ತಂಗಿ ಮರ್ಟಲ್ ಇದ್ದ ಬಿಡಾರದಲ್ಲಿ ಮೈ ಕಾಯಿಸಿಕೊಂಡವನು ಮತ್ತೆ ಹೊರಡಲೇ ಇಲ್ಲ. ಎಡ್ನಾ ಅದೇ ವಸಂತದಲ್ಲಿ ಅಲ್ಲಿಯ ಒಬ್ಬನನ್ನು ಕಟ್ಟಿಕೊಂಡಳು. ಆಮೇಲೆ ಅಕ್ಕತಂಗಿ ಹಬ್ಬಕ್ಕೆ ಸೇರಿದರು, ಸಾವಿಗೆ ಸೇರಿದರು, ಈ ಒಂದು ಮಾತನ್ನು ಮಾತ್ರ ಎತ್ತಲಿಲ್ಲ.

ಅಜ್ಜಿಯನ್ನು ಎಡ್ನಾಳ ಊರಿಗೆ ಕರೆದೊಯ್ಯಲು ನಾನು ಗಾಡಿ ಶುರು ಮಾಡಿದೆ, ಕೆಳಗೆ ಹಿಮದ ಮೇಲೆ ತೊಟತೊಟ ಪೆಟ್ರೋಲ್. ಮೂಗು ಸುಟ್ಟುಹೋಗುವಂಥ ವಾಸನೆ. ಇದರಲ್ಲಿ ಕೊಲ್ಲಿ ದಾಟುವುದೆಂದರೆ ಅರ್ಧಕ್ಕೆ ನಿಲ್ಲುವುದು, ಇಲ್ಲವೇ ಬೆಂಕಿ ಹತ್ತಿಸಿಕೊಂಡು ಬೇಗ ತಲುಪುವುದು. ಮಂಜು ಕವಿದು ವಿಮಾನವೂ ಇರಲಿಲ್ಲ. ದಡದ ಮಂಜುಗಡ್ಡೆಯ ಮೇಲೆ ಆಗಲೇ ನೀರು ನಿಂತಿತ್ತು, ಇನ್ನೆರಡು ದಿನ ಬಿಟ್ಟರೆ ಆ ದಾರಿಯೂ ಮುಚ್ಚುತ್ತಿತ್ತು.

ಎಲ್ವುಡ್ ಮಾವ ಬಂದು, ಏನೂ ನೋಡದೆಯೇ, ಪೈಪು ಸೀಳಿದೆ ಎಂದು ತೀರ್ಪು ಕೊಟ್ಟ. ಪೈಪು ಬದಲಿಸಿದೆವು, ಸೋರಿತು. ಕಾರ್ಬ್ಯುರೇಟರಿನ ತಳದ ಬಟ್ಟಲಿನ ವಾಷರ್ ಹೋಗಿದೆ ಎಂದ. ಬೆರಳಾಡಿಸಿದೆ, ಅಂಚೆಲ್ಲ ಒಣಗಿತ್ತು. ಸೋರುತ್ತಿದ್ದದ್ದು ಹೆಚ್ಚಾದ ಪೆಟ್ರೋಲ್ ಹೊರಹೋಗುವ ಸಣ್ಣ ಕೊಳವೆಯಿಂದ. ಅಂದರೆ ಬಟ್ಟಲು ತುಂಬಿದರೂ ಒಳಗಿನ ಸೂಜಿ ಪೆಟ್ರೋಲ್ ಬರುವ ದಾರಿ ಮುಚ್ಚುತ್ತಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಬಟ್ಟಲಿಗೆ ಎರಡು ತಟ್ಟಿದೆ, ಸೋರುವುದು ನಿಂತಿತು. ಮಾವ ತಾನೇ ರಿಪೇರಿ ಮಾಡಿದವನಂತೆ ಬೀಗಿದ. ಅವನು ಬೀಗಿ ಮುಗಿಸುವುದರೊಳಗೆ ಮತ್ತೆ ಸೋರಿತು.

ಅಜ್ಜಿ ಹೊಸ್ತಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಹೂವಿನ ಬಟ್ಟೆಯ ಉದ್ದಂಗಿ, ತೋಳತುಪ್ಪಳದ ಟೋಪಿ, ಹೊರಡಲು ಸಿದ್ಧ. ಆದರೆ ಗಾಡಿ ಸೋರಿದಾಗಲೆಲ್ಲ ಮುಖದಲ್ಲಿ ಒಂದು ನೆಮ್ಮದಿ. "ಬಿಡ್ರೀ, ದೇವ್ರಿಗೇ ಇಷ್ಟ ಇಲ್ಲ," ಎಂದಳು. ಭಾನುವಾರವೂ ಬೇಟೆಯ ನೆಪ ಹೇಳಿ ಚರ್ಚಿಗೆ ಚಕ್ಕರ್ ಹೊಡೆಯುವವಳಿಗೆ ದೇವರ ಇಷ್ಟಾನಿಷ್ಟ ಯಾವಾಗ ತಿಳಿಯಿತೋ.

ಕಾರ್ಬ್ಯುರೇಟರ್ ಬಿಚ್ಚಿ ಅಡುಗೆಮನೆಯ ಮೇಜಿಗೆ ತಂದು, ಹಿಮಸಾರಂಗದ ಸಾರಿನ ಪಾತ್ರೆಯನ್ನು ಆಚೆ ತಳ್ಳಿ, ರಟ್ಟಿನ ಮೇಲೆ ಇಟ್ಟೆ. ತಲೆಕೆಳಗೆ ಹಿಡಿದು ಪೆಟ್ರೋಲ್ ಬರುವ ಬಾಯಿಗೆ ತುಟಿಯಿಟ್ಟು ಊದಿದೆ. ಹಾಗೆ ಹಿಡಿದಾಗ ಸೂಜಿ ಕೂತು ಗಾಳಿ ತಡೆಯಬೇಕು, ಇದು ಪೀಪಿಯ ಹಾಗೆ ಬಿಟ್ಟುಕೊಟ್ಟಿತು. ಬಟ್ಟಲಲ್ಲಿ ತೇಲುವ ಫ್ಲೋಟ್ ತೆಗೆದು ಸೂಜಿ ಎಳೆದೆ. ಅದರ ತುದಿಗೆ ಹಳದಿಯ ಒಂದು ಚೂರು ಅಂಟಿಕೊಂಡಿತ್ತು. ಮೂಸಿದೆ. ಕಣ್ಣು ಕಟ್ಟಿದ್ದರೂ ಆ ವಾಸನೆ ಹೇಳಬಲ್ಲೆ, ದಿನಾ ಒಣಮೀನು ಅದ್ದಿಕೊಂಡು ತಿನ್ನುವ, ಕಡಲ ಪ್ರಾಣಿ ಸೀಲ್‌ನ ಎಣ್ಣೆ. ಆ ಚೂರು, ಕೊಬ್ಬು ಕರಗಿಸಿದ ಮೇಲೆ ಉಳಿಯುವ ಚರಟ.

ಇದು ಅಲ್ಲಿಯವರೆಗೆ ಹೇಗೆ ಹೋಯಿತು, ಟ್ಯಾಂಕಿನೊಳಗೆ ಫಿಲ್ಟರ್ ಇತ್ತಲ್ಲ ಎಂದೆ. ಮಾವ ಸಾರಿನ ಪಾತ್ರೆಯೊಳಗೆ ಇಣುಕಿದ. "ಅದು ಹೆಪ್ಪುಗಟ್ತಿತ್ತು ಅಪ್ಪಾ, ಹೋದ್ಸಲ ಬೇಟೆಗೆ ಒಯ್ದಾಗ ಕಿತ್ತು ಬಿಸಾಕ್ದೆ." ತಂದೆಯ ಸ್ಥಾನದಲ್ಲಿ ನಿಂತು ಅವನ ಏಳು ಜನ್ಮ ಜಾಲಾಡಿದೆ. ಆಮೇಲೆ, ಎಣ್ಣೆ ಎಲ್ಲಿಂದ ಬಂತು ಎಂದು ಕೇಳುತ್ತಿದ್ದಂತೆ ಅಜ್ಜಿ, ತಾನು ಪೆಟ್ರೋಲಿನ ಕೆಂಪು ಕ್ಯಾನ್ ಮುಟ್ಟಿಲ್ಲ ಎಂದಳು. ಕ್ಯಾನಿನ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

"ನೀವೇ ಹೇಳಿದ್ರಲ್ಲ," ಎಂದು ಅಜ್ಜಿ ನನ್ನ ಮೇಲೇ ತಿರುಗಿಬಿದ್ದಳು. "ಇಂಜಿನ್ ಎಣ್ಣೆ ಖಾಲಿ ಆದ್ರೆ ಪೆಟ್ರೋಲಿಗೆ ಸೀಲ್ ಎಣ್ಣೆ ಸುರಿ, ಓಡುತ್ತೆ ಅಂತ."

ತಾತ ಹಾಗೆ ಕೊಚ್ಚಿಕೊಳ್ಳುತ್ತಿದ್ದದ್ದು ನಿಜ, ಊರಿಗೇ ಗೊತ್ತು. ಹೆಸರಿನ ಲೆಕ್ಕದಲ್ಲಿ ತಪ್ಪು ನನ್ನದೇ ಆಯಿತು. ಆದರೆ ನನ್ನ ಗಾಡಿಯಲ್ಲಿ ಇಂಜಿನ್ ಎಣ್ಣೆಗೆ ಬೇರೆ ಡಬ್ಬಿಯಿದೆ, ಹಿಂದಿನ ದಿನವಷ್ಟೇ ಅವಳ ಕಣ್ಣೆದುರೇ ಅದನ್ನು ತುಂಬಿಸಿದ್ದೆ. ಅದನ್ನು ಹೇಳಿದೆ. ಅಜ್ಜಿ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಅದರ ತುಪ್ಪಳ ಸವರಿದಳು.

"ಅವತ್ತೂ ನಾನೇ ಸುರಿದಿದ್ದು," ಎಂದಳು. "ಚರಟದ ಸಮೇತ. ನೀವು ಅವಳನ್ನ ಕರ್ಕೊಂಡ್ ಬರ್ಬಾರ್ದು ಅಂತ."

ಮಾವ ಬಾಯಿ ತೆರೆದ, ನಾನು ಕಣ್ಣಲ್ಲೇ ಮುಚ್ಚಿಸಿದೆ. ನನಗೆ ಸಿಟ್ಟೂ ಬಂತು, ನಗುವೂ ಬಂತು. ಹೋಗುವುದೋ ಬಿಡುವುದೋ ನೀನೇ ಹೇಳು ಎಂದೆ. ಅವಳು ಎದ್ದು ನೆಲಮಾಳಿಗೆಯ ತಣ್ಣನೆ ಗುಂಡಿಯಿಂದ ಅಕ್ಕನಿಗೆಂದು ಸೀಲ್ ಎಣ್ಣೆಯ ಒಂದು ಬಾಟಲಿ ತಂದು ಉದ್ದಂಗಿಯ ಜೇಬಿಗೆ ಇಳಿಸಿಕೊಂಡಳು. ನಾವು ಟ್ಯಾಂಕು ಖಾಲಿ ಮಾಡಿ, ಕಾರ್ಬ್ಯುರೇಟರ್ ತೊಳೆದು, ಕೆಟ್ಟು ಬಿದ್ದಿದ್ದ ಮಾವನ ಗಾಡಿಯ ಫಿಲ್ಟರನ್ನೇ ಕಿತ್ತು ನನ್ನದಕ್ಕೆ ಹಾಕಿದೆವು. ಆಮೇಲೆ ಒಂದು ಹನಿಯೂ ಬೀಳಲಿಲ್ಲ.

ಕೊಲ್ಲಿ ದಾಟಿ ಹೋದಾಗ ಎಡ್ನಾ ಕಿಟಕಿಯ ಪಕ್ಕ ದಿಂಬಿಗೆ ಒರಗಿದ್ದಳು, ಹಕ್ಕಿಯಷ್ಟಾಗಿದ್ದಳು. ಅಜ್ಜಿ ಟೋಪಿ ಕೂಡ ತೆಗೆಯದೆ, ಆ ದಿನ ಗಾಡಿಗೆ ಎಣ್ಣೆ ಸುರಿದವಳು ತಾನು ಎಂದು ಹೇಳಿಬಿಟ್ಟಳು.

"ಗೊತ್ತು ಕಣೇ," ಎಂದಳು ಎಡ್ನಾ. "ಅವನು ಚಳೀಲಿ ಸತ್ನೋ ಏನೋ ಅಂತ ನಾಯಿಗಾಡಿ ಕಟ್ಕೊಂಡು ನಾನೇ ಹುಡುಕ್ಕೊಂಡ್ ಬಂದಿದ್ದೆ. ನಿಂತಿದ್ದ ಗಾಡಿ ಮೂಸಿ ನೋಡ್ದೆ. ನೀನು ಕರಗಿಸೋ ಎಣ್ಣೆ ವಾಸ್ನೆ ನಂಗ್ ಗೊತ್ತಾಗಲ್ವಾ? ನಾನ್ ಕೇಳ್ತಿರೋದು ಅದಲ್ಲ." ಅವಳು ನನ್ನ ಕಡೆ ತಿರುಗಿದಳು. "ಕಾವಿಕ್, ಮಾರನೇ ದಿನ ಯಾಕೆ ಬರ್ಲಿಲ್ಲ? ನಿಂಗೆ ಕಾಲಿರ್ಲಿಲ್ವಾ? ನಾಯಿಗಳಿರ್ಲಿಲ್ವಾ?"

ಅಜ್ಜಿಯೂ ನನ್ನನ್ನೇ ನೋಡಿದಳು. ಇದಕ್ಕೆ ಉತ್ತರ ಅವಳಿಗೂ ಗೊತ್ತಿರಲಿಲ್ಲ. ಗಾಡಿ ಕೆಡದಿದ್ದರೆ ನೀವು ನನ್ನವರಾಗುತ್ತಿದ್ದಿರಾ ಎಂದು ಬದುಕಿದ್ದವನನ್ನು ಕೇಳಲು ಅವಳಿಗೆ ಎಂದೂ ಬಾಯಿ ಬಂದಿರಲಿಲ್ಲ. ಸತ್ತವನ ಪರವಾಗಿ ಅಷ್ಟು ವರ್ಷ ಬೈಸಿಕೊಂಡವಳು ನಾನು, ಈಗ ಅವನ ಪರವಾಗಿ ಮಾತೂ ಆಡಬೇಕಿತ್ತು.

"ಅಲ್ಲಿ ಬೆಚ್ಚಗಿತ್ತು," ಎಂದೆ. "ಇವಳು ಬೈತಾ ಬೈತಾನೇ ನನ್ನ ಒದ್ದೆ ಕಾಲುಚೀಲ ಒಣಗಿಸ್ತಿದ್ಳು. ಎದ್ದು ಹೋಗೋಕೆ ಮನಸ್ಸಾಗ್ಲಿಲ್ಲ."

ಸುಳ್ಳು ಹೇಳಿದೆನೆಂದು ನನಗೆ ಅನ್ನಿಸಲಿಲ್ಲ. ನಗರಕ್ಕೆ ಹೋಗುತ್ತೇನೆಂದು ಚೀಲ ಕಟ್ಟಿ ಕಟ್ಟಿ ನಾನು ಬಿಚ್ಚಿಟ್ಟದ್ದೂ, ಅಜ್ಜಿ ಬೈಯುತ್ತ ನನಗೂ ಒಣಗಿಸಿಕೊಡುವ ಅದೇ ಕಾಲುಚೀಲದ ಕಾರಣಕ್ಕೆ.

ಎಡ್ನಾ ಕೆಮ್ಮುವಷ್ಟು ನಕ್ಕಳು. ಈ ಸೋಮಾರಿಗೋಸ್ಕರ ತಾನು ನಾಯಿಗಳನ್ನು ದಣಿಸಿದೆನಲ್ಲ ಎಂದಳು. ಆಮೇಲೆ ತಂಗಿಯ ಜೇಬು ಉಬ್ಬಿದ್ದು ನೋಡಿ, ಎಣ್ಣೆ ತೆಗಿ, ಹಸಿವಾಗಿದೆ ಎಂದಳು. ಒಂದೇ ತಟ್ಟೆಯಲ್ಲಿ ಒಣಮೀನು ಅದ್ದಿಕೊಂಡು ಇಬ್ಬರೂ ತಿಂದರು. ಸೋಮವಾರ ಅವಳು ವಿಮಾನ ಹತ್ತಿದಳು.

ವಾಪಸು ಬರುವಾಗ ಕೊಲ್ಲಿಯ ನಡುವೆ ಅಜ್ಜಿ ಬೆನ್ನು ತಟ್ಟಿ ಗಾಡಿ ನಿಲ್ಲಿಸಲು ಹೇಳಿದಳು. ಸೋರುತ್ತಿದೆಯೇನೋ ಎಂದು ನಾನು ಬಗ್ಗಿ ನೋಡಿದೆ.

"ರೀ," ಎಂದಳು ಹಿಂದಿನಿಂದ. "ನಿಜವಾಗ್ಲೂ ಬೆಚ್ಚಗಿತ್ತಾ?"

ಹೌದು ಕಣೇ ಎಂದೆ. ಅವಳು ನನ್ನ ಸೊಂಟ ಬಿಗಿಯಾಗಿ ಹಿಡಿದುಕೊಂಡು, ಕಳೆದುಹಾಕಿದ ಆ ಕೈಗವಸಿನ ವಿಷಯ ತೆಗೆದು ಮನೆಯವರೆಗೂ ಬೈದಳು.