ಜೇಬು ಮೊದಲು, ನೀರು ಆಮೇಲೆ

ಲಾಂಡ್ರಿಯವನು ಬಕೆಟ್ಟಿನಿಂದ ಎತ್ತಿದ ಅಂಗಿಯ ಜೇಬಿನಲ್ಲಿ ಯಾರೋ ಗಿರಾಕಿಯ ಔಷಧದ ಚೀಟಿ ಇತ್ತು. ನೆಂದು ಮುದ್ದೆಯಾಗಿತ್ತು.

"ನೀರಿಗೆ ಹಾಕೋಕೆ ಮುಂಚೆ ಜೇಬು ನೋಡು ಅಂತ ಎಷ್ಟು ಸಲ ಹೇಳಿದೀನಿ?" ಎಂದು ಮಗಳು ಚಿಟ್ಟೆಯ ಮೇಲೆ ರೇಗಿದ.

ನಾಲ್ಕೂವರೆ ವರ್ಷದ ಹುಡುಗಿ ಕಣ್ಣು ತುಂಬಿಕೊಂಡು, "ನೋಡಿದೆ ಅಪ್ಪಾ," ಎಂದಳು. ಪಾಪ, ನಿಜವೇ. ನೀರಿಗೆ ಹಾಕಿದ ಮೇಲೆ ನೋಡಿದ್ದಳು!

ಅಷ್ಟರಲ್ಲಿ ಒಗೆಯಲು ಬಿಳಿ ಕೋಟು ಕೊಡಲೆಂದು ಆರೋಗ್ಯ ಕೇಂದ್ರದ ನರ್ಸಮ್ಮ ಬಂದರು. ಆತ ಗೋಳು ತೋಡಿಕೊಂಡ. "ಇವಳ ತಲೆಗೆ ಏನೂ ಹತ್ತಲ್ಲ ನರ್ಸಮ್ಮ. ಈ ವರ್ಷ ಶಾಲೆಗೆ ಸೇರಿಸೋದೇ ಬೇಡ ಅಂತಿದೀನಿ. ಅಲ್ಲಿ ಹೋಗಿ ನಗೆಪಾಟಲಾಗೋದು ಯಾಕೆ?"

ಗೋಡೆಯ ಮೊಳೆಗೆ ನೇತುಹಾಕಿದ್ದ ಹೊಸ ಚೀಲವನ್ನು ಚಿಟ್ಟೆ ಒಮ್ಮೆ ನೋಡಿ ತಲೆ ತಗ್ಗಿಸಿದಳು.

"ಸ್ವಲ್ಪ ತಾಳಪ್ಪ," ಎಂದು ನರ್ಸಮ್ಮ ಅವಳೆದುರು ಕೂತರು. "ಚಿಟ್ಟೆ, ಮೊದಲು ಜೇಬು ನೋಡು. ಆಮೇಲೆ ನೀರಿಗೆ ಹಾಕು."

ಹುಡುಗಿ ಒಂದು ಪ್ಯಾಂಟು ಎಳೆದು, ಜೇಬಿಗೆ ಮೊಣಕೈವರೆಗೆ ಕೈ ತೂರಿಸಿ ನೋಡಿ, ಆಮೇಲೆ ದೊಪ್ಪನೆ ನೀರಿಗೆ ಹಾಕಿದಳು. ಮೂರು ಬಟ್ಟೆ ಹಾಕಿದರೂ ಒಂದೂ ತಪ್ಪಿಲ್ಲ.

"ಇದೇನು ನರ್ಸಮ್ಮ, ಮಂತ್ರ ಹಾಕಿದ್ರಾ?"

"ಮಂತ್ರವೂ ಇಲ್ಲ, ತಂತ್ರವೂ ಇಲ್ಲ. ನಿನ್ನ ಮಾತಲ್ಲಿ ನೀರು ಮೊದಲು ಬರುತ್ತೆ, ಜೇಬು ಆಮೇಲೆ. ಇಷ್ಟು ಚಿಕ್ಕ ಮಕ್ಕಳು ಎಷ್ಟೋ ಸಲ ಮಾತು ಕಿವಿಗೆ ಬಿದ್ದ ಕ್ರಮದಲ್ಲೇ ಕೆಲಸ ಮಾಡ್ತಾರೆ. ಅದು ದಡ್ಡತನ ಅಲ್ಲ, ಇನ್ನೂ ಕಲೀತಿದಾಳೆ ಅಷ್ಟೆ."

"ಹಾಗಾದ್ರೆ ಜೀವನ ಪೂರ್ತಿ ತುಂಡು ತುಂಡಾಗಿ ಮಾತಾಡ್ಲಾ?"

"ಬೇಡಪ್ಪ! ಉದ್ದದ ಮಾತು ಕೇಳದೇ ಇದ್ರೆ ಅದನ್ನ ಕಲಿಯೋದು ಹೇಗೆ? ಪೂರ್ತಿ ಮಾತೇ ಹೇಳು, ಹೇಳ್ತಾ ಮಾಡಿ ತೋರಿಸು. 'ಮೊದಲು ಯಾವುದು?' ಅಂತ ಅವಳನ್ನೇ ಕೇಳು. ಕಥೆ ಹೇಳು. ರೇಗಬೇಡ."

ಆತ ಅರೆಮನಸ್ಸಿನಿಂದಲೇ ಶುರುಮಾಡಿದ. "ಇಸ್ತ್ರಿ ಹಾಕೋಕೆ ಮುಂಚೆ ನಾನು ಏನು ಮಾಡ್ದೆ ಹೇಳು?" ಎಂದು ಕೇಳಿದರೆ, "ನೀರು ಚಿಮುಕಿಸಿದೆ!" ಎಂದು ಚಿಟ್ಟೆ ಕುಣಿಯುತ್ತಿದ್ದಳು. ಬರಬರುತ್ತ ಅಪ್ಪನಿಗೂ ಅದು ಆಟವಾಯಿತು.

ಎರಡು ತಿಂಗಳ ಮೇಲೆ, ಒಂದು ಬೆಳಿಗ್ಗೆ, ಅವಸರದಲ್ಲಿ ಆತ ನರ್ಸಮ್ಮನ ಕೋಟನ್ನು ಸೀದಾ ಬಕೆಟ್ಟಿನತ್ತ ಒಯ್ದ.

"ಅಪ್ಪಾ, ನಿಲ್ಲು! ನೀರಿಗೆ ಹಾಕೋಕೆ ಮುಂಚೆ ಜೇಬು ನೋಡ್ಬೇಕು!"

ಚಿಟ್ಟೆ ಕೋಟು ಕಿತ್ತುಕೊಂಡು ಜೇಬಿನಿಂದ ಮಡಚಿದ ಕಾಗದ ತೆಗೆದಳು. ಲಸಿಕೆ ಹಾಕಬೇಕಾದ ಮಕ್ಕಳ ಪಟ್ಟಿ! ಒಂದು ಹನಿ ನೀರೂ ಸೋಕಿರಲಿಲ್ಲ.

ಅಪ್ಪನಿಗೆ ಹಿಗ್ಗು ತಡೆಯಲಾಗಲಿಲ್ಲ. "ಎಲಾ ನನ್ನ ಮಗಳೇ! ನನಗೇ ಪಾಠ ಹೇಳ್ತೀಯಲ್ಲೇ!" ಎಂದು ಎತ್ತಿಕೊಂಡ. ಆವತ್ತು ಲಾಂಡ್ರಿ ತಡವಾಗಿ ತೆರೆಯಿತು. ಮೊಳೆಯ ಮೇಲಿದ್ದ ಚೀಲ ಚಿಟ್ಟೆಯ ಬೆನ್ನೇರಿತ್ತು. ಅಪ್ಪ ಮಗಳು ಶಾಲೆಗೆ ಹೆಸರು ಬರೆಸಲು ಹೋಗಿದ್ದರು.

ಅಪ್ಪಂದಿರೇ, ಅಮ್ಮಂದಿರೇ, ಹೇಳಿದ ಕೆಲಸವನ್ನು ಮಗು ಹಿಂದುಮುಂದು ಮಾಡಿದರೆ ದಡ್ಡ ಎಂದು ಹಣೆಪಟ್ಟಿ ಹಚ್ಚಬೇಡಿ. ಮಾತಾಡಿ, ಮಾಡಿ ತೋರಿಸಿ, ಕಥೆ ಹೇಳಿ. ಕಿವಿ ಕೇಳಿಸುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಮಗುವಿನ ಮೇಲೆ ರೇಗುವ ಮುಂಚೆ, ನಾವು ಹೇಳಿದ್ದು ಅದಕ್ಕೆ ಹೇಗೆ ಕೇಳಿಸಿತು ಎಂದು ಒಂದು ಗಳಿಗೆ ಯೋಚಿಸಿ.