ನಲವತ್ತು ಎಮ್ಮೆಗಳ ಪಂಚನಾಮೆ

ಬೆಂಗೇರಿಯಲ್ಲಿ ನನ್ನ ಸೈಕಲ್ ಅಂಗಡಿ ಇಲ್ಲದಿದ್ದರೆ ಹುಬ್ಬಳ್ಳಿಯ ಅರ್ಧ ಮಂದಿ ನಡೆದು ನಡೆದೇ ಸತ್ತಿರುತ್ತಿದ್ದರು. ಈ ನೀಲಪ್ಪ ಪಂಕ್ಚರ್ ತಿದ್ದಿದ ಗಾಲಿ ಪುಣೆಗೆ ಹೋಗಿ ಬಂದರೂ ಒಂದು ಗುಟುಕು ಗಾಳಿ ಬಿಡುವುದಿಲ್ಲ. ಇಂಥ ನನ್ನ ತಂಗಿ ಸಾವಕ್ಕನ ಮಗಳು ಕಸ್ತೂರಿ. ಬುದ್ಧಿ ಸೋದರಮಾವನಿಂದ ಬಂದದ್ದು, ಬೇರೆ ಹೇಳಬೇಕಾಗಿಲ್ಲ. ಅರವತ್ನಾಲ್ಕನೆಯ ಇಸವಿಯಲ್ಲಿ ಅವಳಿಗೆ ನಮ್ಮೂರ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿತು.

ಸೀಟೇನೋ ಸಿಕ್ಕಿತು, ದುಡ್ಡು ಎಲ್ಲಿತ್ತು? ಅವಳ ಅಪ್ಪ ಗುರುಶಿದ್ದಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ತಿಂಗಳಿಗೆ ನೂರಾ ಹತ್ತು ರೂಪಾಯಿ ಪಗಾರ. ಬಡವರ ಮಕ್ಕಳಿಗೆ ಸರ್ಕಾರ ಬಡ್ಡಿಯಿಲ್ಲದ ಸಾಲ ಕೊಡುತ್ತದೆ, ನೌಕರಿ ಹತ್ತಿದ ಮೇಲೆ ತೀರಿಸಬೇಕು ಎಂದು ಕಸ್ತೂರಿಯೇ ತಿಳಿದುಕೊಂಡು ಬಂದಳು. ಒಟ್ಟು ಐದು ಸಾವಿರ. ಆ ಅಂಕಿ ಕೇಳಿ ಗುರುಶಿದ್ದಪ್ಪನ ಕೈಯಲ್ಲಿದ್ದ ಚಹಾ ಕುಡಿಯದೆಯೇ ಆರಿಹೋಯಿತು.

"ನರ್ಸ್ ಆಗವಾ. ಕಲಿಯೂ ಮುಂದನ ಕೈಖರ್ಚಿಗೆ ಕೊಡತಾರ. ಮೂರು ವರ್ಷದಾಗ ಪಗಾರ. ಸಾಲದ ಮಾತ ಇಲ್ಲ," ಎಂದ.

ಕಸ್ತೂರಿ ಪಾಟಿ ಬಳಪ ತಂದು ಅಪ್ಪನ ಮುಂದೆ ಕುಳಿತಳು.

"ಅಪ್ಪಾ, ನರ್ಸಿಗೆ ನೂರಾ ಇಪ್ಪತ್ತು. ಡಾಕ್ಟರಗ ಮುನ್ನೂರಾ ಐವತ್ತು. ಡಾಕ್ಟರಕಿಗೆ ಎರಡೂವರಿ ವರ್ಷ ಹೆಚ್ಚಿಗಿ ಓದಬೇಕು, ಅಷ್ಟು ದಿನದ ನರ್ಸ್ ಪಗಾರ ಮೂರು ಸಾವಿರದ ಆರನೂರು ಕಳಕೋತೇನಿ. ಅದಕ್ಕ ಸಾಲ ಐದು ಸಾವಿರ ಕೂಡಸು. ಎಂಟು ಸಾವಿರದ ಆರನೂರು."

"ಅಯ್ಯೋ ಶಿವನ!"

"ತಡಿಯಪ್ಪಾ. ಡಾಕ್ಟರಗ ತಿಂಗಳಾ ಇನ್ನೂರಾ ಮೂವತ್ತು ಹೆಚ್ಚಿಗಿ ಬರತೈತಿ. ಭಾಗಿಸು. ಮೂವತ್ತೆಂಟು ತಿಂಗಳಿಗೆ ಎಲ್ಲಾ ಸರಿ ಆತು. ಮುಂದ ಬರೂದೆಲ್ಲಾ ಲಾಭ."

ಗುರುಶಿದ್ದಪ್ಪ ಆ ಲೆಕ್ಕವನ್ನು ಮೂರು ಸಲ ಅಳಿಸಿ ಬರೆದ. ಮೂರು ಸಲವೂ ಮೂವತ್ತೆಂಟೇ ಬಂತು. ಕೊನೆಗೆ ಅರ್ಜಿಗೆ ಸಹಿ ಹಾಕಿದ. ಎಷ್ಟು ಒತ್ತಿ ಹಾಕಿದನೆಂದರೆ ಕೇಶ್ವಾಪುರದವರೆಗೆ ಪಾತ್ರೆಗಳು ಅಲುಗಾಡಿದವು.

ಅರ್ಜಿಯ ಜೊತೆಗೆ ಮಾಮಲೇದಾರ ಕಚೇರಿಯಿಂದ ಉತ್ಪನ್ನದ, ಅಂದರೆ ಮನೆಯ ವರಮಾನದ, ದಾಖಲೆ ಬೇಕಾಗಿತ್ತು. ವಿಚಾರಣೆಗೆ ಗುಮಾಸ್ತರು ಬರುತ್ತಾರೆ ಎಂದು ನನಗೆ ಯಾರೂ ಹೇಳಲಿಲ್ಲ. ಒಂದು ಮಧ್ಯಾಹ್ನ ಕರಿ ಟೋಪಿ, ಬಗಲಲ್ಲಿ ಛತ್ರಿ, ಇಸ್ತ್ರಿಯ ಧೋತರದ ಮನುಷ್ಯ ನನ್ನ ಅಂಗಡಿಯ ಮುಂದೆ ನಿಂತ.

"ಇಲ್ಲಿ ಗುರುಶಿದ್ದಪ್ಪ ಅಂತ ಇದ್ದಾರಂತಲ್ರಿ, ಮನೀ ಕಡೆ ಹೆಂಗ?"

ನಮ್ಮ ಓಣಿಯಲ್ಲಿ ಹೀಗೆ ಕೇಳುವವರು ಒಂದೇ ತರದವರು. ಕನ್ಯೆ ನೋಡುವ ಮೊದಲು ವರನ ಕಡೆಯವರು ಗುಟ್ಟಾಗಿ ಮನೆತನ ವಿಚಾರಿಸಲು ಕಳಿಸಿದವರು. ಅಂಥವರ ಮುಂದೆ ಓಣಿಯವರು ಆ ಮನೆಯ ತೂಕ ಎತ್ತಿ ಹೇಳಲೇಬೇಕು, ಇದು ನಮ್ಮ ಕಾಯಿದೆ. ಬೇರೆಯವರ ಮಕ್ಕಳಿಗೇ ಹತ್ತು ಎಕರೆ ಕೂಡಿಸುವವನು, ಸ್ವಂತ ಸೋದರಸೊಸೆಗೆ ಜಿಪುಣತನ ಮಾಡಲೇ?

"ಏನ್ ಕೇಳತೀರಿ! ನಲವತ್ತ ಎಮ್ಮಿ ಅದಾವ್ರಿ. ನವಲಗುಂದದ ಕಡೆ ಇನ್ನೂರ ಎಕರೆ ಎರಿ ಹೊಲ. ವರ್ಕ್‌ಶಾಪಿಗೆ ಹೊತ್ತ ಕಳ್ಯಾಕ ಹೊಕ್ಕಾನ. ಪಗಾರದ ದಿವಸ ರೊಕ್ಕಾ ತಗೊಳ್ಳೂದನ್ನ ಮರತ ಬಂದಬಿಡತಾನ."

ಆ ಮನುಷ್ಯ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡ. ವರನ ಕಡೆಯವರು ಬರೆದುಕೊಳ್ಳುವುದಿಲ್ಲ. ಆಗಲೇ ನನಗೆ ಹೊಳೆಯಬೇಕಾಗಿತ್ತು.

ಎಂಟು ದಿನಕ್ಕೆ ಅರ್ಜಿ ತಿರುಗಿ ಬಂತು. ಶ್ರೀಮಂತ ಮನೆ, ದಾಖಲೆ ಕೊಡಲಾಗದು. ಕಾಲೇಜಿನ ಹಣ ತುಂಬಲು ಹತ್ತೇ ದಿನ ಉಳಿದಿದ್ದವು. ಕಸ್ತೂರಿ ಅಳಲಿಲ್ಲ. ಪಾಟಿಯನ್ನು ಗೋಡೆಗೆ ಮುಖ ಮಾಡಿ ಇಟ್ಟಳು. ಸಾವಕ್ಕ ನನ್ನತ್ತ ನೋಡಿದಳು.

"ಅಣ್ಣಾ, ಖರೇ ಹೇಳು. ಯಾರ ಮುಂದ ಏನ್ ಬೊಗಳೀ?"

ಮರುದಿನ ಬೆಳಿಗ್ಗೆಯೇ ಕಚೇರಿಗೆ ಹೋದೆ. ಅದೇ ಕರಿ ಟೋಪಿಯ ಗುಮಾಸ್ತ ಗೋವಿಂದಪ್ಪನವರು ನನ್ನನ್ನು ಗುರುತಿಸಿದರು. ಹುಟ್ಟಿದಾಗಿನಿಂದ ಹೇಳದ ಸತ್ಯವನ್ನೆಲ್ಲ ಅಂದು ಒಂದೇ ಸಲ ಹೇಳಿದೆ. ದವಡೆ ಇಂದಿಗೂ ನೋಯುತ್ತದೆ.

"ಅವತ್ತ ನಲವತ್ತ ಎಮ್ಮಿ ಇದ್ವಲ್ಲ. ಹತ್ತ ದಿವಸದಾಗ ಎಲ್ಲಿ ಹೋದುವ್ರೀ?"

"ಹುಟ್ಟೇ ಇರಲಿಲ್ರಿ ಸಾಹೇಬ್ರ."

"ಅಂದಿನದು ಸುಳ್ಳೋ, ಇವತ್ತಿನದು ಸುಳ್ಳೋ, ನಾ ಹೆಂಗ ತಿಳಿಯಬೇಕು? ನಾಳೆ ನಿಮ್ಮ ಓಣಿಗೆ ಬರತೇನಿ. ಐದು ಮಂದಿ ಪಂಚರನ್ನ ಕೂಡಸ್ರಿ. ಪಂಚನಾಮಿ ಮಾಡೂಣು."

ಐದು ಮಂದಿ ಕರೆದರೆ ಐನೂರು ಮಂದಿ ಬಂದರು. ನಾನು ಸುಳ್ಳುಗಾರನೆಂದು ಸಾಕ್ಷಿ ಹೇಳಲು ಸರದಿ ಹಚ್ಚಿ ನಿಂತರು. ಹಾಲು ಮಾರುವ ಗುಲ್ಜಾರಬಿ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದಳು.

"ಸಾಹೇಬ್ರ, ನಲವತ್ತ ಎಮ್ಮಿ ಇದ್ದಿದ್ರ ಸಾವಕ್ಕ ನನ್ನ ಹಂತೇಕ ದಿನಾ ಪಾವಶೇರ ಹಾಲು ಉದ್ರಿ ಯಾಕ ಒಯ್ತಿದ್ಲು? ಮೂರು ತಿಂಗಳದ ಬಾಕಿ ಐತಿ, ಅದನ್ನೂ ಬರಕೋರಿ."

ಕಿರಾಣಿ ಅಂಗಡಿಯ ಶಾಂತಯ್ಯ, "ಇವ ಮಳಿ ಬಂತು ಅಂದ್ರ ನಾ ಹೊರಗ ಕೈ ಚಾಚಿ ನೋಡತೇನ್ರಿ," ಎಂದ. ಮುದುಕ ಬಡೇಸಾಬ ಬೀಡಿ ಆರಿಸಿ, "ಹೊಲ ಅಂದ್ರ ಇವನ ಅಂಗಡಿ ಮುಂದಿನ ತೆಗ್ಗು. ಮಳಿಗಾಲದಾಗ ಅದರಾಗ ಕಪ್ಪಿ ಬೆಳೀತಾವ," ಎಂದ. ಓಣಿಯೆಲ್ಲ ನಕ್ಕಿತು. ಗುರುಶಿದ್ದಪ್ಪನೊಬ್ಬ ನಗಲಿಲ್ಲ. ಗುಮಾಸ್ತರು ಬರೆಯುತ್ತಿದ್ದ ಟಾಕಿನ ತುದಿಯನ್ನೇ ನೋಡುತ್ತಿದ್ದ.

ಬರೆದು ಮುಗಿಸಿ ಗೋವಿಂದಪ್ಪನವರು ಗಟ್ಟಿಯಾಗಿ ಓದಿದರು: "ಸದರಿ ನೀಲಪ್ಪನ ಯಾವ ಮಾತೂ ನಂಬಲು ಯೋಗ್ಯವಲ್ಲವೆಂದು ಪಂಚರು ಒಮ್ಮತದಿಂದ ಹೇಳುತ್ತಾರೆ." ಪಂಚರ ಸಹಿ, ಹೆಬ್ಬೆಟ್ಟುಗಳಾದ ಮೇಲೆ ಕಾಗದವನ್ನು ನನ್ನತ್ತ ತಿರುಗಿಸಿದರು.

"ಕೇಳಿ ಒಪ್ಪೀನಿ ಅಂತ ನಿಮ್ಮದೂ ಸಹಿ ಬೇಕ್ರಿ."

ಇಡೀ ಮುಂಬಯಿ ಪ್ರಾಂತವನ್ನು ಮಾತಿನಲ್ಲೇ ಗೆದ್ದವನು ನಾನು. ಸರ್ಕಾರಿ ಕಾಗದದಲ್ಲಿ ಇಂಥ ಮಾತಿಗೆ ಸಹಿ ಹಾಕಿದರೆ ಮುಂದೆ ನನ್ನ ಅಂಗಡಿಯ ಕಟ್ಟೆಯ ಮೇಲೆ ಯಾರು ಕುಳಿತು ಕೇಳುತ್ತಾರೆ? ಟಾಕನ್ನು ಎರಡೆರಡು ಸಲ ಮಸಿಯಲ್ಲಿ ಅದ್ದಿದೆ. ಕಸ್ತೂರಿ ಬಾಗಿಲಲ್ಲಿ ನಿಂತಿದ್ದಳು. "ಮಾವಾ" ಎಂದು ಸಹ ಅನ್ನಲಿಲ್ಲ. ಅಂದಿದ್ದರೆ ಏನಾದರೂ ಹಾರಿಕೆಯ ಮಾತು ಹೊಳೆಯುತ್ತಿತ್ತೇನೋ. ಸಹಿ ಹಾಕಿದೆ. ದೊಡ್ಡದಾಗಿಯೇ ಹಾಕಿದೆ.

ಗೋವಿಂದಪ್ಪನವರು ಅಲ್ಲಿಯೇ ದಾಖಲೆ ಬರೆದು ಮಾಮಲೇದಾರರ ಮುಂದಿಟ್ಟು ಮರುದಿನವೇ ಮುದ್ರೆ ಒತ್ತಿಸಿಕೊಟ್ಟರು. ಆ ಕಾಗದ ನೋಡಿ ಕಾಲೇಜಿನವರು ಸಾಲ ಬರುವವರೆಗೆ ಹಣಕ್ಕೆ ಕಾಯಲು ಒಪ್ಪಿದರು. ದಸರೆಯ ಮುಂಚೆ ಸಾಲ ಮಂಜೂರಾಯಿತು. ಸಾಲ ಸಿಕ್ಕಿತೆಂದು ಓಣಿಗೆಲ್ಲ ಸಕ್ಕರೆ ಹಂಚಿದ ಮನೆಯನ್ನು ನಾನು ಅದೊಂದೇ ನೋಡಿದ್ದು. ಗುಲ್ಜಾರಬಿಗೆ ಎರಡು ಮುಷ್ಟಿ ಹೆಚ್ಚು.

ಅಂದು ಗುರುಶಿದ್ದಪ್ಪ ಅಂಗಿ ಕಳಚಿ ಗೂಟಕ್ಕೆ ಹಾಕಿ, ಚಕ್ಕಳಬಕ್ಕಳ ಹಾಕಿಕೊಂಡು ಊಟಕ್ಕೆ ಕುಳಿತ. ತಿಂಗಳಿನಿಂದ ಅರ್ಧ ರೊಟ್ಟಿಗೇ ಕೈ ತೊಳೆಯುತ್ತಿದ್ದವನು.

"ಸಾವಕ್ಕಾ, ಹಾಕ," ಎಂದ. "ಇನ್ನೊಂದ ಹಾಕ."

ಹದಿನೆಂಟು ರೊಟ್ಟಿ ತಿಂದ. ಎದುರಿಗೇ ಕುಳಿತು ನಾನೇ ಎಣಿಸಿದ್ದೇನೆ.