ಸೊಸೆಯ ಎರಡು ಕಪ್ ಚಹಾ

ಅಂಬುಬಾಯಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಾರ ಮೇಲೆ ಎಂದು ಕೇಳಿದ್ದರೆ ಮಾತ್ರ ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಏಳು ತಿಂಗಳಿಗೇ ಹುಟ್ಟಿದ ಮೊಮ್ಮಗ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ. ತೂಕ ಒಂದೂವರೆ ಕಿಲೋ ಕೂಡ ಇಲ್ಲ, ನಡುನಡುವೆ ಉಸಿರಾಡುವುದನ್ನೇ ಮರೆಯುತ್ತಿದ್ದ. ಇಂಥದ್ದಕ್ಕೆ ಯಾರಾದರೊಬ್ಬರು ಕಾರಣ ಇರಲೇಬೇಕಲ್ಲ! ಹುಡುಕುತ್ತ ದೂರ ಹೋಗುವುದೇನು ಬಂತು, ಸೊಸೆ ಪ್ರಾಜಕ್ತಾ ಕಣ್ಣೆದುರಿಗೇ ಇದ್ದಳು.

ಬಸುರಿಯರು ಚಹಾ ಕುಡಿದರೆ ಕೂಸು ಸಣ್ಣಗಾಗುತ್ತದೆಂದು ಅಂಬುಬಾಯಿ ಫೋನಿನಲ್ಲಿ ಯಾವುದೋ ವಿಡಿಯೊ ನೋಡಿದ್ದಳು. ಅಂದಿನಿಂದ ತೆಲುಗು ನಾಡಿನ ಮಣಿಕೊಂಡದ ಆ ಮನೆಯಲ್ಲಿ ಸೊಸೆಗೆ ಚಹಾ ಬಂದ್. ದಿನಕ್ಕೆ ಎರಡು ಸಣ್ಣ ಕಪ್ ನಡೆಯುತ್ತದೆಂದು ಡಾಕ್ಟರೇ ಹೇಳಿದ್ದಾರೆ, ಮಾದಾಪುರದ ಆಫೀಸಿನಲ್ಲಿ ಅಷ್ಟೇ ಕುಡಿಯುತ್ತೇನೆ ಎಂದು ಪ್ರಾಜಕ್ತಾ ಮುಚ್ಚುಮರೆಯಿಲ್ಲದೆ ಹೇಳಿದಳು. ಎರಡು ಅನ್ನುವವಳು ನಾಲ್ಕು ಕುಡಿಯದೆ ಬಿಡುತ್ತಾಳೆಯೇ ಎಂದುಕೊಂಡಳು ಅತ್ತೆ. ಮಗ ನಿಶಾಂತ ಇಬ್ಬರ ನಡುವೆ ಬಾಯಿಗೆ ಬೀಗ ಹಾಕಿಕೊಂಡು ಕೂತ. ಮಹಾ ಶಾಣ್ಯಾ ಅವನು.

ಹೆರಿಗೆಯಾದ ಮರುದಿನ ಅಂಬುಬಾಯಿ ಆಸ್ಪತ್ರೆಯ ವರಾಂಡದಲ್ಲಿ ಕೂತು ಬೀದರ, ಕಲಬುರಗಿ, ದಿಲ್‌ಸುಖ್‌ನಗರ, ಎಲ್ಲೆಲ್ಲಿ ಬಳಗವಿತ್ತೋ ಅಲ್ಲಿಗೆಲ್ಲ ಫೋನ್ ಹಚ್ಚಿದಳು. ಚಹಾ ಕುಡಿದು ಕುಡಿದು ಕೂಸಿನ ಈ ಗತಿ ಮಾಡಿದ್ದಾಳೆ ಎಂದು ಹೇಳಿ ಹೇಳಿ ಅತ್ತಳು. ಒಂದೊಂದು ಫೋನ್ ಇಟ್ಟಾಗಲೂ ಎದೆಯ ಭಾರ ತುಸು ಇಳಿದಂತಾಗುತ್ತಿತ್ತು. ಕೂಸನ್ನು ನೋಡಲು ಗೋಡೆ ಹಿಡಿದು ನಡೆದು ಬರುತ್ತಿದ್ದ ಪ್ರಾಜಕ್ತಾ ಅದನ್ನೆಲ್ಲ ಕೇಳಿಸಿಕೊಂಡಳು.

ಐದನೆಯ ದಿನ, ಕೂಸಿಗೆ ಸಣ್ಣ ನಳಿಕೆಯಲ್ಲಿ ಏನೋ ಔಷಧ ಬಿಡುವುದನ್ನು ಅಂಬುಬಾಯಿ ಗಾಜಿನ ಆಚೆಯಿಂದ ಕಂಡಳು. ನರ್ಸು ಭವಾನಿ ರಾಯಚೂರು ಕಡೆಯವಳು. ಅವಳು ಹೊರಗೆ ಬಂದಾಗ ಅಂಬುಬಾಯಿ ತಡೆದು, ಅದೇನು ಔಷಧವೆಂದು ಕೇಳಿದಳು.

"ಕೆಫೀನ್ರಿ ಅಮ್ಮಾ. ಚಾದಾಗ ಇರತೈತಲ್ಲ, ಅದ. ಕೂಸು ಉಸರು ಮರೀಬಾರದಂತ ಕೊಡತೀವಿ."

ಅಂಬುಬಾಯಿಯ ಪಿತ್ತ ನೆತ್ತಿಗೇರಿತು. ತಾನು ತಿಂಗಳುಗಟ್ಟಲೆ ಕಾವಲು ಕೂತು ಬೇಡವೆಂದದ್ದನ್ನು ಇವರು ಕೂಸಿನ ಹೊಟ್ಟೆಗೇ ಹಾಕುತ್ತಿದ್ದಾರೆ! ನೇರವಾಗಿ ಡಾಕ್ಟರ ಕೋಣೆಗೆ ನುಗ್ಗಿ, ಬಂದಷ್ಟು ಹಿಂದಿಯಲ್ಲಿ, ಬಾರದ ಕಡೆ ತೆಲುಗು ತುರುಕಿ ದಬಾಯಿಸಿದಳು. ಡಾಕ್ಟರಮ್ಮ ಸಮಾಧಾನದಿಂದ ಬಿಡಿಸಿ ಹೇಳಿದರು. ಬಸುರಿನಲ್ಲಿ ಮಿತಿಮೀರಿ ಚಹಾ, ಕಾಫಿ ಕುಡಿದರೆ ಕೂಸಿನ ತೂಕ ಕಡಿಮೆಯಾಗಬಹುದು, ಅದು ನಿಜ, ಅದಕ್ಕೇ ಮಿತಿ ಹಾಕುವುದು. ಪ್ರಾಜಕ್ತಾ ಆ ಮಿತಿ ದಾಟಿಲ್ಲ. ಅವಳಿಗೆ ಒಳಗೆ ಸೋಂಕಾಗಿ ನೀರು ಮೊದಲೇ ಹೋಯಿತು, ಹೆರಿಗೆ ಬೇಗ ಆದದ್ದು ಅದರಿಂದ. ಅವಸರದಲ್ಲಿ ಹುಟ್ಟಿದ ಕೂಸಿಗೆ ಉಸಿರು ನಿಲ್ಲದಿರಲೆಂದು ಹನಿ ಹನಿ ಅಳೆದು ಕೊಡುವ ಈ ಔಷಧದ ಮಾತೇ ಬೇರೆ.

ಅಂಬುಬಾಯಿ ಹೊರಗೆ ಬಂದು ಮತ್ತೆ ಗಾಜಿನ ಬಳಿಗೆ ಹೋದಳು. ಸೊಸೆ ಕೂಸನ್ನು ಮುಟ್ಟಲೂ ಹೆದರುತ್ತಿದ್ದುದು ಅವಳ ಕಣ್ಣಿಗೆ ಬಿದ್ದದ್ದು ಆಗಲೇ. ಎದೆಗೆ ಅವಚಿಕೊಳ್ಳಿರೆಂದು ನರ್ಸುಗಳು ಎಷ್ಟು ಹೇಳಿದರೂ ಪ್ರಾಜಕ್ತಾ ಕೈ ಹಿಂದೆ ಎಳೆದುಕೊಳ್ಳುತ್ತಿದ್ದಳು. ತನ್ನಿಂದಲೇ ಹೀಗಾಯಿತೆಂದು ಅವಳೂ ನಂಬಿಬಿಟ್ಟಿದ್ದಳು. ಅಂಬುಬಾಯಿ ಪಕ್ಕದಲ್ಲಿ ಕೂತು ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದಳು, ತನ್ನದು ತಪ್ಪಾಯಿತೆಂದಳು.

"ನನಗ ಹೇಳಿದ್ರ ಏನ್ ಬಂತ್ರಿ ಅತ್ತಿ?" ಎಂದಳು ಪ್ರಾಜಕ್ತಾ. "ಬಳಗಕ್ಕೆಲ್ಲಾ ಹೇಳೀರಲ್ಲ, ಅವರಿಗೆ ಹೇಳ್ರಿ."

ಫೋನಿನಲ್ಲಿ ಹೇಳಲು ಅಂಬುಬಾಯಿಗೆ ಬಾಯಿ ಬರಲಿಲ್ಲ. ಸುದ್ದಿ ಹಬ್ಬಿಸುವಾಗ ಇದ್ದ ಉಮೇದಿ ಈಗ ಎಲ್ಲಿ ಹೋಯಿತೋ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಎಲ್ಲರೂ ಬರುತ್ತಾರೆ, ಅವತ್ತೇ ಹೇಳಿದರಾಯಿತು ಎಂದು ಮುಂದೂಡಿದಳು.

ಕೂಸು ಮೈ ಹಿಡಿದು ಮನೆಗೆ ಬಂತು. ಮೂರನೆಯ ತಿಂಗಳು ತೊಟ್ಟಿಲ ಕಾರ್ಯಕ್ರಮ ಇಟ್ಟರು. ಕೂಸಿಗೆ ಪ್ರಜ್ವಲ ಎಂದು ಹೆಸರಿಟ್ಟದ್ದೂ ಆಯಿತು. ದಿಲ್‌ಸುಖ್‌ನಗರದಿಂದ ಬಂದಿದ್ದ ಅಂಬುಬಾಯಿಯ ನಾದಿನಿ ಉಮಾಬಾಯಿ ಮೂರನೆಯ ಕಪ್ ಚಹಾ ಕೈಯಲ್ಲಿ ಹಿಡಿದು, ನೆರೆದ ಹೆಂಗಸರ ನಡುವೆ ಪ್ರಾಜಕ್ತಾಳಿಗೆ ಬುದ್ಧಿ ಹೇಳಲು ಶುರು ಮಾಡಿದಳು. ನಾಲಿಗೆ ಚಪಲಕ್ಕೆ ಕೂಸಿನ ಜೀವಕ್ಕೇ ಕುತ್ತು ತಂದಿದ್ದೆಯಲ್ಲ, ಇನ್ನೊಂದು ಸಲ ಬಸುರಾದಾಗಲಾದರೂ ಹತೋಟಿಯಲ್ಲಿರು ಎಂದಳು. ಪ್ರಾಜಕ್ತಾ ತಲೆ ತಗ್ಗಿಸಿದಳು.

ಅಂಬುಬಾಯಿ ಎದ್ದು ನಿಂತಳು. "ಅಕಿದೇನೂ ತಪ್ಪಿಲ್ಲ. ನಾನ ತಿಳೀಲಾರದ ಬಾಯಿಗೆ ಬಂದಂಗ ಹೇಳೀನಿ. ಇದು ಚಾದಿಂದ ಆಗಿದ್ದಲ್ಲಂತ ಡಾಕ್ಟರ ಹೇಳ್ಯಾರ."

ಉಮಾಬಾಯಿ ಕಪ್ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅತ್ತಿ ಅಂದ್ರ ಹಿಂಗಿರಬೇಕ ನೋಡ್ರಿ. ಸೊಸಿ ತಪ್ಪು ತನ್ನ ಮೈಮ್ಯಾಲ ಹಾಕ್ಕೊಂಡ್ಲು."

ಹೌದು ಹೌದು ಎಂದರು ಎಲ್ಲರೂ. ಅಂಬುಬಾಯಿ ಹಾಗಲ್ಲ ಎಂದಳು, ಆಣೆ ಹಾಕಿದಳು, ದನಿ ಏರಿಸಿದಳು. ಹೇಳಿದಷ್ಟೂ ಅವಳ ದೊಡ್ಡಗುಣ ಬೆಳೆಯುತ್ತಲೇ ಹೋಯಿತು. ಒಬ್ಬಳು ಬಂದು ಅವಳ ಕಾಲು ಮುಟ್ಟಿದಳು, ಇನ್ನೊಬ್ಬಳು ಪ್ರಾಜಕ್ತಾಳ ಗಲ್ಲ ಸವರಿ, ಇಂಥ ಅತ್ತೆ ಸಿಗಲು ಪುಣ್ಯ ಮಾಡಿರಬೇಕು ಎಂದಳು.

ಎಲ್ಲರೂ ಊಟಕ್ಕೆ ಎದ್ದ ಮೇಲೆ ಅಂಬುಬಾಯಿ ಸೊಸೆಯ ಪಕ್ಕ ಕುಸಿದಳು. ಎಲ್ಲರೆದುರು ಹೇಳಿದೆನಲ್ಲ, ಯಾರೂ ನಂಬಲಿಲ್ಲ, ಇನ್ನೇನು ಮಾಡಲಿ ಎಂದು ಅಳುದನಿ ತೆಗೆದಳು.

ಪ್ರಾಜಕ್ತಾ ಕೂಸನ್ನು ತೊಟ್ಟಿಲಿನಿಂದ ಎತ್ತಿ ಎದೆಗೆ ಅವಚಿಕೊಂಡಳು.

"ಖರೇ ಹೇಳಿದ್ರೂ ಯಾರೂ ನಂಬಲಿಲ್ಲಂದ್ರ ಹೆಂಗಾಕ್ಕೈತಂತ," ಎಂದಳು, "ಈಗ ತಿಳೀತಲ್ರಿ ಅತ್ತಿ."